ಬೀಗರು ಬಾಯಿ ಬಿಟ್ಟದ್ದು

ಲಿಫ್ಟ್ ರಿಪೇರಿ ಕಂಪನಿಯಲ್ಲಿ ಅವರನ್ನು ಎಲ್ಲರೂ ‘ಬೀಗರೇ’ ಎಂದು ಕರೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಇದನ್ನು ಕೇಳಿದ ಹೆಂಡತಿಗೆ ಖುಷಿಯೂ ಆಗಿತ್ತು, ಸ್ವಲ್ಪ ಗಲಿಬಿಲಿಯೂ ಆಗಿತ್ತು. ನಮಗಿನ್ನೂ ಮಕ್ಕಳೇ ಹುಟ್ಟಿಲ್ಲ, ಆಗಲೇ ಇವರು ಯಾರಿಗೆ ಬೀಗರಾದರು? ಏನೋ, ಜೊತೆಯವರು ಮರ್ಯಾದೆಗೆ ಹಾಗನ್ನುತ್ತಾರೆ ಎಂದುಕೊಂಡು ಸುಮ್ಮನಾಗಿದ್ದಳು. ಅದು ಸಂಬಂಧದ ಬೀಗರಲ್ಲ, ಬಾಗಿಲಿಗೆ ಜಡಿಯುವ ಬೀಗ ಎಂದು ಗೊತ್ತಾದ ದಿನ ನಕ್ಕೂ ನಕ್ಕೂ ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟುಬಿಟ್ಟಳು. ಗಂಡ ಮಾತ್ರ ನಗಲಿಲ್ಲ. ಬೀಗವೆಂದರೆ ಕಡಿಮೆಯೇನು, ಮನೆ ಕಾಯುವುದು ಅದೇ ತಾನೆ ಎಂದರು.

ಮನುಷ್ಯ ಕೆಟ್ಟವರಲ್ಲ. ಕೊಡೆ ಕೇಳಿದರೆ ಕೊಟ್ಟು ತಾವು ನೆನೆದುಕೊಂಡು ಹೋಗುತ್ತಿದ್ದರು. ಜೊತೆಯವರ ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಮೊದಲು ಹೋಗಿ ಬೆಂಚಿನ ಮೇಲೆ ಕೂರುವವರು ಅವರೇ. ಆದರೆ ಕೆಲಸದ ವಿಷಯ ಬಂದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಕಟ್ಟಡದ ತುದಿಯಲ್ಲಿರುವ ಮಿಷನ್ ಕೋಣೆಗೆ ಹೋದರೆ ಒಳಗಿನಿಂದ ಅಗುಳಿ ಹಾಕಿಕೊಳ್ಳುವರು. ಪರೀಕ್ಷೆಯಲ್ಲಿ ಪಕ್ಕದವನಿಗೆ ಉತ್ತರ ಕಾಣದಂತೆ ತೋಳು ಅಡ್ಡ ಇಟ್ಟುಕೊಳ್ಳುವ ಹುಡುಗನ ಹಾಗೆ ಮಿಷನ್ನಿಗೆ ಮೈ ಅಡ್ಡ ಹಿಡಿದು ರಿಪೇರಿ ಮಾಡುವರು. ಏನಾಗಿತ್ತು ಎಂದು ಯಾರಾದರೂ ಕೇಳಿದರೆ, “ಇತ್ತು ಒಂದು. ಹೋಯ್ತು” ಎನ್ನುವರು. ಅವರ ಪೂರ್ತಿ ವರದಿ ಅಷ್ಟೆ.

ಅದಕ್ಕೂ ಕಾರಣವಿತ್ತು. ಅವರು ಕೆಲಸಕ್ಕೆ ಸೇರಿದಾಗ ಕೈಕೆಳಗೆ ಇಟ್ಟುಕೊಂಡ ಹಿರಿಯ ಮೇಸ್ತ್ರಿ ಒಂದು ಮೊಳೆಯ ಹೆಸರನ್ನೂ ಹೇಳಿಕೊಟ್ಟಿರಲಿಲ್ಲ. ಚೀಲ ಹೊರಿಸುವುದು, ಬಾಗಿಲ ಹೊರಗೆ ನಿಲ್ಲಿಸುವುದು, ಮುಗಿದ ಮೇಲೆ ಮತ್ತೆ ಚೀಲ ಹೊರಿಸುವುದು, ಇಷ್ಟೇ ಪಾಠ. ಬಾಗಿಲ ಸಂದಿಯಿಂದ ಇಣುಕಿ, ಶಬ್ದಕ್ಕೆ ಕಿವಿಗೊಟ್ಟು, ಪೆಟ್ಟು ತಿಂದು ಕಲಿತ ವಿದ್ಯೆ ಅದು. ಕಷ್ಟಪಟ್ಟು ಕದ್ದ ಮಾಲನ್ನು ಪುಕ್ಕಟೆ ಹಂಚುವುದಕ್ಕೆ ಯಾವ ಕಳ್ಳನಿಗೆ ತಾನೆ ಮನಸ್ಸು ಬಂದೀತು?

ಹೀಗಿರುವಾಗ ಆ ಕಂಪನಿಯನ್ನು ಹೊಳೆಯಾಚೆಯ ಇನ್ನೊಂದು ಲಿಫ್ಟ್ ಕಂಪನಿಯ ಜೊತೆ ಸೇರಿಸಿದರು. ಸೇರಿಸಿದ ಮೇಲೆ ನೋಡಿದರೆ ಎಲ್ಲವೂ ಎರಡೆರಡು. ಎರಡು ಉಗ್ರಾಣ, ಎರಡು ಚಹಾ ಕೆಟಲ್, ಒಂದೊಂದು ಬಡಾವಣೆಯ ಕೆಲಸಕ್ಕೂ ಇಬ್ಬಿಬ್ಬರು. ವಿಭಾಗದ ಅಧಿಕಾರಿ ಎಲ್ಲರನ್ನೂ ಕರೆದು ನಿಲ್ಲಿಸಿ, ಸಂಸ್ಥೆಯನ್ನು ಹೊಸದಾಗಿ ಕಟ್ಟುತ್ತಿದ್ದೇವೆ ಎಂದರು. ಕಟ್ಟುವುದೆಂದರೆ ಅರ್ಧ ಜನರ ಗಂಟುಮೂಟೆ ಕಟ್ಟಿಸುವುದು ಎಂದು ಎಲ್ಲರಿಗೂ ಅರ್ಥವಾಯಿತು. ಆ ಅಧಿಕಾರಿ ಮೆದು ಮಾತಿನ ಮನುಷ್ಯ. ಕೆಟ್ಟ ಸುದ್ದಿಯನ್ನು ಮಗುವಿಗೆ ಔಷಧಿ ಕುಡಿಸುವವರ ಹಾಗೆ ಹೇಳುತ್ತಿದ್ದರು. ಈ ಕಂಪನಿಯವರು ಒಬ್ಬರು, ಆ ಕಂಪನಿಯವರು ಒಬ್ಬರು ಜೋಡಿಯಾಗಬೇಕು. ಒಬ್ಬರ ಕಟ್ಟಡಗಳಿಗೆ ಇನ್ನೊಬ್ಬರು ಹೋಗಿ, ತಿಳಿದದ್ದನ್ನೆಲ್ಲ ಹಂಚಿಕೊಳ್ಳಬೇಕು. ಇದಕ್ಕೆ ಜ್ಞಾನ ಹಂಚಿಕೆ ಎಂದು ಹೆಸರು. ಮಳೆಗಾಲ ಮುಗಿಯುವ ಹೊತ್ತಿಗೆ ಯಾರು ಉಳಿಯುತ್ತಾರೆ ಎಂಬುದು ತೀರ್ಮಾನವಾಗುತ್ತದೆ. ಯಾರಿಗಾದರೂ ಪ್ರಶ್ನೆಯಿದೆಯೇ ಎಂದು ಕೇಳಿದಾಗ ಒಬ್ಬರೂ ಉಸಿರೆತ್ತಲಿಲ್ಲ. ಅಧಿಕಾರಿ ಅದನ್ನು ಒಪ್ಪಿಗೆ ಎಂದು ತಿಳಿದು ಸಮಾಧಾನದಿಂದ ಹೋದರು.

ಮರುದಿನದಿಂದ ಆ ವರ್ಕ್‌ಶಾಪಿನಲ್ಲಿ ಆದ ಬದಲಾವಣೆಯನ್ನು ನೋಡಬೇಕಿತ್ತು. ಎಣ್ಣೆಡಬ್ಬಿ ಎಂದು ಹೆಸರಾಗಿದ್ದ ಒಬ್ಬ ಮೆಕ್ಯಾನಿಕ್ ಇದ್ದ. ಬಾಯಿ ಬಿಟ್ಟರೆ ಜಾರುತ್ತಲೇ ಹೋಗುವ ಮಾತು. ಅತ್ತೆಯ ಮಂಡಿನೋವಿನಿಂದ ಹಿಡಿದು ತಾನು ಹಿಂದಿನ ದಿನ ಯಾವ ನಟ್ಟನ್ನು ಹೇಗೆ ಬಿಚ್ಚಿದೆ ಎನ್ನುವವರೆಗೆ ಊರಿಗೆಲ್ಲ ಹೇಳುವವನು. ಅವನೂ ಗ್ರೀಸ್ ಎಲ್ಲಿದೆ ಎಂದು ಕೇಳಿದರೆ ಛಾವಣಿ ನೋಡತೊಡಗಿದ. ಕಂಪ್ಯೂಟರಿನಲ್ಲಿ ತಮ್ಮ ತಮ್ಮ ಲಿಫ್ಟಿನ ವಿಶೇಷಗಳನ್ನು ಬರೆಯಿರಿ ಎಂದಾಗ ಒಬ್ಬ, “ಮೇಲೆ ಹೋಗುತ್ತದೆ. ಕೆಳಗೂ ಬರುತ್ತದೆ” ಎಂದು ಬರೆದ. ಉಳಿದವರು ಅದು ಸ್ವಲ್ಪ ಜಾಸ್ತಿಯೇ ಆಯಿತೆಂದು ಅವನ ಮೇಲೆ ಮುನಿಸಿಕೊಂಡರು.

ಬೀಗರಿಗೆ ಇದು ಹಬ್ಬದ ಹಾಗಿತ್ತು. ಇಷ್ಟು ವರ್ಷ ತಮ್ಮನ್ನು ಆಡಿಕೊಂಡವರೆಲ್ಲ ಈಗ ತಮ್ಮ ದಾರಿಗೇ ಬಂದರಲ್ಲ! ಅವರು ಮನೆಯಲ್ಲಿ ಇದನ್ನೇ ಹೇಳಿದರು. ಗುಟ್ಟು ಕೈಯಲ್ಲಿದ್ದರೆ ಕೆಲಸ ಕೈಯಲ್ಲಿ ಎಂದರು. ಅಷ್ಟಕ್ಕೇ ಬಿಡದೆ ಹೆಂಡತಿಯನ್ನೂ ಕೆಣಕಿದರು. ಆಕೆ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಕೇಳಿದವರಿಗೆಲ್ಲ ಕತ್ತರಿಸುವುದನ್ನು ಹೇಳಿಕೊಡುತ್ತಿದ್ದಳು. ಹಾಗೆ ಕಲಿತ ಒಬ್ಬಾಕೆ ಅದೇ ಬೀದಿಯಲ್ಲಿ ಅಂಗಡಿ ತೆರೆದಿದ್ದಳು. ಕುಳಿತ ಕೊಂಬೆಯನ್ನೇ ಕಡಿದುಕೊಂಡೆಯಲ್ಲ ಎಂದು ಬೀಗರು ಹಂಗಿಸಿದರೆ, ಆಕೆ ಹಲ್ಲಿನಲ್ಲಿ ದಾರ ಕಡಿಯುತ್ತ, ಅವಳು ಬಂದ ಮೇಲೆ ನನಗೆ ಮಧ್ಯಾಹ್ನ ಮಾತಾಡಲು ಒಬ್ಬರು ಸಿಕ್ಕರು, ನಿಮ್ಮನ್ನು ಕಟ್ಟಿಕೊಂಡವಳಿಗೆ ಅದೇ ದೊಡ್ಡ ಲಾಭ ಎಂದಳು.

ಬೀಗರಿಗೆ ಜೋಡಿಯಾಗಿ ಬಂದವರು ಆಚೆ ಕಂಪನಿಯ ಒಬ್ಬ ಹೆಂಗಸು. ನಲವತ್ತು ದಾಟಿದ, ಗಿಡ್ಡ ಆಳಿನ, ತಲೆಗೆ ಬಟ್ಟೆ ಬಿಗಿದುಕೊಂಡ ಮೆಕ್ಯಾನಿಕ್. ತನ್ನ ಸಲಕರಣೆ ಚೀಲವನ್ನು ಇನ್ನೊಬ್ಬರು ಮುಟ್ಟಿದರೆ ಕಣ್ಣಿನಲ್ಲೇ ಸುಡುವವಳು. ಅಲ್ಲಿ ಆಕೆಗೆ ಮುಗುಮ್ಮಕ್ಕ ಎಂದು ಹೆಸರು. ಮುಗುಮ್ಮಾಗಿ ಇರುವುದಕ್ಕೆ ಆಕೆಗೂ ಕಾರಣವಿತ್ತು. ಗಂಡಸರ ನಡುವೆ ಒಬ್ಬಳೇ ಹೆಂಗಸಾಗಿ ಸೇರಿದ ಕಾಲದಲ್ಲಿ ಏನಾದರೂ ಕೇಳಿದರೆ ನಗುತ್ತಿದ್ದರು. ಏನಾದರೂ ಹೇಳಿದರೆ ಅದನ್ನು ತಮ್ಮದೆಂದು ಮೇಲಿನವರಿಗೆ ಒಪ್ಪಿಸುತ್ತಿದ್ದರು. ಸರಿ, ಕೇಳುವುದೂ ಬೇಡ ಹೇಳುವುದೂ ಬೇಡ ಎಂದು ಆಕೆ ಬಾಯಿ ಹೊಲಿದುಕೊಂಡಿದ್ದಳು.

ಬೀಗಕ್ಕೆ ಬೀಗ ಎದುರಾಯಿತು. ಜ್ಞಾನ ಹಂಚಿಕೆ ಶುರುವಾಯಿತು.

ಬೀಗರು ಆಕೆಯನ್ನು ತಮ್ಮ ನ್ಯಾಯಾಲಯದ ಕಟ್ಟಡಕ್ಕೆ ಕರೆದೊಯ್ದು, ಮಿಷನ್ ಕೋಣೆಯ ಬಾಗಿಲು ತೆರೆದು, “ಇದು ದೀಪದ ಸ್ವಿಚ್ಚು” ಎಂದರು. ಆಕೆ ಗಂಭೀರವಾಗಿ ತಲೆಯಾಡಿಸಿದಳು. ಇನ್ನೇನಾದರೂ ಇದೆಯೇ ಎಂದು ಕೇಳಿದ್ದಕ್ಕೆ, ಸಂಜೆ ಹೋಗುವಾಗ ಅದನ್ನು ಆರಿಸಬೇಕು ಎಂದರು. ಮರುದಿನ ಆಕೆ ಅವರನ್ನು ತನ್ನ ಕಡೆಯ ಎತ್ತರದ ಕಟ್ಟಡವೊಂದರ ತಾರಸಿಗೆ ಹತ್ತಿಸಿ, “ಇಲ್ಲಿಂದ ಹೊಳೆ ಚೆನ್ನಾಗಿ ಕಾಣುತ್ತೆ” ಎಂದಳು. ಇಬ್ಬರೂ ಸ್ವಲ್ಪ ಹೊತ್ತು ಹೊಳೆ ನೋಡಿ ಕೆಳಗಿಳಿದರು. ಒಂದೊಂದು ಮಾತೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಬೀಗರಿಗೆ ಒಳಗೊಳಗೇ ಆಕೆಯ ಮೇಲೆ ಗೌರವ ಹುಟ್ಟಿತು. ಇಷ್ಟು ಚೆನ್ನಾಗಿ ಏನೂ ಹೇಳದವರನ್ನು ಅವರು ಜೀವನದಲ್ಲಿ ನೋಡಿರಲಿಲ್ಲ.

ಇದು ಹೀಗೇ ನಡೆದು ಹೋಗುತ್ತಿತ್ತೋ ಏನೋ. ಆದರೆ ಒಂದು ಮಧ್ಯಾಹ್ನ ಇಬ್ಬರೂ ಬೀಗರ ವಶದಲ್ಲಿದ್ದ ಬೇಕರಿ ಕಟ್ಟಡಕ್ಕೆ ಹೋದರು. ಕೆಳಗೆ ಬೇಕರಿ, ಮೇಲೆ ಮನೆಗಳು. ಲಿಫ್ಟಿನೊಳಗೆ ಹೋಗುತ್ತಿದ್ದಂತೆ ಒಂದು ದೊಡ್ಡ ಚೀಲದ ತುಂಬ ಬಟಾಣಿ ಕಾಯಿ ಹೊತ್ತ ಅಜ್ಜಿಯೊಬ್ಬರು ಹಿಂದೆಯೇ ನುಗ್ಗಿದರು. ಲಿಫ್ಟ್ ಹೊರಟಿತು. ಎರಡನೇ ಮಹಡಿ ದಾಟಿ, ಮೂರನೆಯದು ಮುಟ್ಟದೆ, ಒಮ್ಮೆ ಮೈ ಜಾಡಿಸಿ ನಿಂತಿತು.

ಬೀಗರಿಗೆ ಏನಾಗಿದೆ ಎಂದು ಆ ಕ್ಷಣವೇ ಗೊತ್ತಾಯಿತು. ಎಲ್ಲ ಮಹಡಿಯ ಬಾಗಿಲೂ ಸರಿಯಾಗಿ ಮುಚ್ಚಿದ್ದರೆ ಮಾತ್ರ ಲಿಫ್ಟ್ ಓಡುತ್ತದೆ. ಈ ಕಟ್ಟಡದಲ್ಲಿ ಕೆಳಗಿನ ಬಾಗಿಲು ಜಾರುವ ಹಳಿಯ ಸಂದಿಗೆ ಬೇಕರಿಯ ಹಿಟ್ಟು ತುಂಬಿಕೊಳ್ಳುತ್ತದೆ. ಬಾಗಿಲು ಕೂದಲೆಳೆಯಷ್ಟು ಬಿರಿಯುತ್ತದೆ. ಲಿಫ್ಟ್ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಬಂದಾಗಲೆಲ್ಲ ಯಾರಿಗೂ ಕಾಣದಂತೆ ಬ್ರಷ್ಷಿನಿಂದ ಅದನ್ನು ಗುಡಿಸುವುದು ಅವರ ಗುಟ್ಟು. ಈ ದಿನ ಮುಗುಮ್ಮಕ್ಕನ ಎದುರು ಗುಡಿಸಬಾರದೆಂದು ಬಿಟ್ಟಿದ್ದರು. ಹೊಟ್ಟೆಯೊಳಗಿದ್ದ ಗುಟ್ಟು ಈಗ ಕಾಲಿಗೇ ತೊಡರಿಕೊಂಡಿತು.

ಕಂಪನಿಗೆ ಫೋನು ಮಾಡಬಹುದಿತ್ತು. ಆದರೆ ಇಬ್ಬರು ಪರಿಣತರು ಒಂದೇ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂಬ ಸುದ್ದಿ, ಅದೂ ಯಾರನ್ನು ತೆಗೆಯಬೇಕೆಂದು ಯೋಚಿಸುತ್ತಿರುವವರ ಕಿವಿಗೆ! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಆ ಆಲೋಚನೆಯನ್ನು ಮಾತಿಲ್ಲದೆಯೇ ಕೈಬಿಟ್ಟರು. ಮತ್ತೆ ಗೋಡೆ ನೋಡುತ್ತ ನಿಂತರು.

ಅಜ್ಜಿ ಚೀಲ ಕೆಳಗಿಟ್ಟು, ಅದರ ಪಕ್ಕದಲ್ಲೇ ಕೂತರು. ಸ್ವಲ್ಪ ಹೊತ್ತು ಇವರನ್ನು ನೋಡಿ, “ಮದುವೆಯಾಗಿ ಎಷ್ಟು ವರ್ಷ ಆಯ್ತು?” ಎಂದರು.

“ಅಯ್ಯೋ, ನಾವು ಜೊತೆಯಲ್ಲಿ ಕೆಲಸ ಮಾಡೋರು” ಎಂದಳು ಮುಗುಮ್ಮಕ್ಕ.

“ಹಾಗಾ. ಮಾತೇ ಆಡದೆ ನಿಂತಿದ್ದೀರಲ್ಲ, ಅದಕ್ಕೆ ಕೇಳ್ದೆ.”

ಅಜ್ಜಿ ಅಲ್ಲಿಗೆ ಸುಮ್ಮನಾಗಲಿಲ್ಲ. ಹೇಗೂ ಕೈ ಖಾಲಿಯಿದೆ, ಇಬ್ಬರೂ ಬಟಾಣಿ ಸುಲಿಯಿರಿ ಎಂದು ಒಂದೊಂದು ಬೊಗಸೆ ಸುರಿದರು. ಬೀಗರು ಟೊಪ್ಪಿಗೆ ತೆಗೆದು ಅದರೊಳಗೆ ಸುಲಿಯತೊಡಗಿದರು. ಸಿಪ್ಪೆಗಿಂತ ಮೌನವೇ ಹೆಚ್ಚು ಗುಡ್ಡೆಯಾಗುತ್ತಿತ್ತು. ಕೊನೆಗೆ ಅಜ್ಜಿ, ಇಲ್ಲಿ ಲಿಫ್ಟಿನ ಕೆಲಸ ಬಲ್ಲವರು ಯಾರಾದರೂ ಇದ್ದಾರೆಯೇ ಅಥವಾ ನಾನೇ ಎದ್ದು ನೋಡಲೇ ಎಂದು ಕೇಳಿದಾಗ ಬೀಗರು ಸೋತರು. ಜೇಬಿನಿಂದ ಫೋನು ತೆಗೆದು ಕೆಳಗಿನ ಬೇಕರಿಯವನಿಗೆ ಹಚ್ಚಿದರು. ಮುಖವನ್ನು ಮೂಲೆಗೆ ತಿರುಗಿಸಿ, ಅಂಗೈ ಮರೆ ಮಾಡಿ, ಆದಷ್ಟು ಮೆಲ್ಲಗೆ ವಿಷಯ ಹೇಳಿದರು.

ಬೇಕರಿಯವನದು ಒಲೆಯ ಮುಂದೆ ಕೂಗಿ ಕೂಗಿ ಬೆಳೆದ ಗಂಟಲು. ಕೇಳಿದ ಒಂದೊಂದು ಮಾತನ್ನೂ ತಿರುಗಿ ಹೇಳುವ ಅಭ್ಯಾಸ ಬೇರೆ. “ಕೆಳಗಿನ ಬಾಗಿಲ ಸಂದಿಯಲ್ಲಿ ಹಿಟ್ಟಾ? ಯಾರ ಹಿಟ್ಟು? ನನ್ನ ಹಿಟ್ಟಾ?” ಎಂದ ಅವನ ದನಿ ಮೆಟ್ಟಿಲ ಗೂಡಿನಲ್ಲಿ ಮೊಳಗಿ, ಲಿಫ್ಟಿನ ಗೋಡೆ ತೂರಿಕೊಂಡು ಬಂತು. ಬ್ರಷ್ಷಿನಲ್ಲಿ ಗುಡಿಸಬೇಕಾ, ಎಡಗಡೆಯಿಂದ ಬಲಕ್ಕಾ, ಆಮೇಲೆ ಬಾಗಿಲು ಒತ್ತಬೇಕಾ ಎಂದು ಕೇಳುತ್ತ ಕೇಳುತ್ತ, ಬೀಗರು ಅಷ್ಟು ವರ್ಷ ಎದೆಯಲ್ಲಿ ಬಚ್ಚಿಟ್ಟದ್ದನ್ನು ಒಂದು ಉಸಿರಿನಲ್ಲಿ ಇಡೀ ಕಟ್ಟಡಕ್ಕೆ ಸಾರಿಬಿಟ್ಟ. ಮುಗುಮ್ಮಕ್ಕ ತಲೆ ಎತ್ತಲಿಲ್ಲ. ಆದರೆ ಆಕೆಯ ಭುಜ ಸಣ್ಣಗೆ ಕುಲುಕುತ್ತಿತ್ತು.

ಹಿಟ್ಟು ಹೋಯಿತು, ಬಾಗಿಲು ಕೂತಿತು. ಲಿಫ್ಟ್ ಅಲುಗಲಿಲ್ಲ. ಬೀಗರು ಗುಂಡಿಗಳನ್ನೆಲ್ಲ ಒತ್ತಿದರು. ಮೇಲಿನ ಕೋಣೆಗೆ ಹೋಗಿ ದೊಡ್ಡ ಸ್ವಿಚ್ಚನ್ನು ಒಮ್ಮೆ ಆರಿಸಿ ಹಾಕು ಎಂದು ಬೇಕರಿಯವನಿಗೆ ಹೇಳಿದರು. ಅವನು ಏದುಸಿರು ಬಿಡುತ್ತ ಹತ್ತಿ ಹೋಗಿ ಆರಿಸಿದ, ಹಾಕಿದ. ಏನೂ ಆಗಲಿಲ್ಲ. ಮತ್ತೆ ಆರಿಸಿ ಹಾಕಿಸಿದರು. ಈ ತೊಂದರೆ ಅವರಿಗೆ ಹಳೆಯ ಶತ್ರು. ಕೆಲವು ಸಲ ಅರ್ಧ ದಿನ ಸತಾಯಿಸಿ ತಾನಾಗಿಯೇ ಹೋಗುತ್ತಿತ್ತು. ಏಕೆ ಹೋಯಿತೆಂದು ಅವರಿಗೆ ಯಾವತ್ತೂ ತಿಳಿದಿರಲಿಲ್ಲ. “ಇತ್ತು ಒಂದು, ಹೋಯ್ತು” ಎನ್ನುವುದು ಎಷ್ಟೋ ಸಲ ಬರೀ ಗುಟ್ಟಲ್ಲ, ಅಕ್ಷರಶಃ ನಿಜವೇ ಆಗಿತ್ತು.

ಮುಗುಮ್ಮಕ್ಕ ಕೈಯಲ್ಲಿದ್ದ ಕಾಯನ್ನು ನಿಧಾನವಾಗಿ ಬಿಡಿಸಿದಳು. ಒಳಗಿನ ಕಾಳು ಎಣಿಸುವವಳಂತೆ ನೋಡಿದಳು. ಆಮೇಲೆ ಕೈ ಚಾಚಿ ಫೋನು ಇಸಿದುಕೊಂಡಳು. ಸ್ವಿಚ್ಚು ಆರಿಸಿದ ತಕ್ಷಣ ಹಾಕಬೇಡ, ಪೆಟ್ಟಿಗೆಯೊಳಗೆ ಒಂದು ಕೆಂಪು ದೀಪ ಇದೆ, ಅದು ಪೂರ್ತಿ ಸಾಯುವವರೆಗೆ ಕಾದು ಹಾಕು ಎಂದಳು. ಹೀಗೆ ನಡುವೆ ನಿಂತರೆ ಈ ಜಾತಿಯ ಮಿಷನ್ನಿಗೆ ತಾನು ಯಾವ ಮಹಡಿಯಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತದೆ. ನೆನಪು ಪೂರ್ತಿ ಅಳಿಸಿದರೆ ಮಾತ್ರ ತಳಕ್ಕಿಳಿದು ಮೊದಲಿನಿಂದ ಎಣಿಸಿಕೊಳ್ಳುತ್ತದೆ. ಬೇಕರಿಯವನು ಇದನ್ನೂ ಕೂಗಿ ಊರಿಗೆ ಹೇಳಿದ. ಸ್ವಲ್ಪ ಹೊತ್ತಿಗೆ ಲಿಫ್ಟ್ ಮುದುಕರು ಮಂಚದಿಂದ ಇಳಿಯುವ ಹಾಗೆ ಹುಷಾರಾಗಿ ಕೆಳಗಿಳಿಯತೊಡಗಿತು.

ಬಾಗಿಲು ತೆರೆದದ್ದು ಬೇಕರಿಯ ಮುಂದೆ. ಅಜ್ಜಿಯ ಮನೆ ಮೇಲುಗಡೆ. ಅವರು ಟೊಪ್ಪಿಗೆಯಲ್ಲಿದ್ದ ಕಾಳನ್ನೆಲ್ಲ ಚೀಲಕ್ಕೆ ಸುರಿದುಕೊಂಡು, ಲಿಫ್ಟನ್ನು ನೋಡಿ, ಇವರಿಬ್ಬರನ್ನು ನೋಡಿ, ಮೆಟ್ಟಿಲು ಹತ್ತಿ ಹೊರಟುಹೋದರು.

ಇಬ್ಬರೂ ಬೇಕರಿಯ ಬೆಂಚಿನ ಮೇಲೆ ಕೂತರು. ಟೊಪ್ಪಿಗೆಯಲ್ಲಿ ಉಳಿದ ಸಿಪ್ಪೆ ಕೊಡವುತ್ತ ಬೀಗರು, “ಇನ್ನೂ ಎಷ್ಟಿದೆ?” ಎಂದರು.

“ಏನು?”

“ಹೇಳದೆ ಇಟ್ಕೊಂಡಿರೋದು.”

“ನಿಮ್ಮ ಹತ್ರ ಎಷ್ಟಿದೆ, ಮೊದಲು ಹೇಳಿ.”

ಹಾಗೆ ಶುರುವಾಯಿತು ವ್ಯಾಪಾರ. ಗೋಲಿ ಬದಲಾಯಿಸಿಕೊಳ್ಳುವ ಮಕ್ಕಳ ಹಾಗೆ ನೀನೊಂದು ಕೊಡು, ನಾನೊಂದು ಕೊಡುತ್ತೇನೆ ಎಂಬ ಕರಾರು. ಮೊದಮೊದಲು ತೂಕದ ಜಗಳ ನಡೆಯಿತು. ಇದು ಚಿಲ್ಲರೆ ಗುಟ್ಟು, ಇದಕ್ಕೆ ಇನ್ನೊಂದು ಸೇರಿಸಿ ಎಂದು ಆಕೆ ಹಟ ಹಿಡಿಯುವಳು. ನ್ಯಾಯಾಲಯದ ಲಿಫ್ಟಿನ ಬ್ರೇಕಿನ ತಿರುಪನ್ನು ಎಲ್ಲರೂ ಬಲಕ್ಕೆ ಬಿಗಿಯುತ್ತಾರೆ, ಅದನ್ನು ಹಿಂದೆ ಯಾರೋ ತಲೆಕೆಳಗಾಗಿ ಕೂಡಿಸಿರುವುದರಿಂದ ಎಡಕ್ಕೆ ಬಿಗಿಯಬೇಕು ಎಂಬುದು ಬೀಗರ ಪೆಟ್ಟಿಗೆಯ ಒಡವೆ. ಅದಕ್ಕೆ ಅವರು ಆಕೆಯಿಂದ ಎರಡು ಗುಟ್ಟು ವಸೂಲು ಮಾಡಿದರು. ಇನ್ನೊಂದು ಸಲ ತಮ್ಮ ಅತಿ ದೊಡ್ಡ ಗುಟ್ಟೆಂದು ಪೀಠಿಕೆ ಹಾಕಿ, ಹಗ್ಗಕ್ಕೆ ಎಣ್ಣೆ ಸವರುವ ವಿಧಾನ ಹೇಳಿದರೆ, ಆಕೆ ಅದು ಕೆಲಸಕ್ಕೆ ಸೇರಿದ ವರ್ಷವೇ ತನಗೆ ಗೊತ್ತಿತ್ತು, ಮೇಲಾಗಿ ಅದು ತಪ್ಪು ಎಂದಳು. ಬೀಗರು ಆ ದಿನ ಊಟ ಬಿಟ್ಟರು.

ಆದರೆ ದಿನ ಕಳೆದಂತೆ ಕರಾರು ಸಡಿಲವಾಯಿತು. ಯಾರು ಎಷ್ಟು ಕೊಟ್ಟರೆಂದು ಇಬ್ಬರೂ ಮರೆತರು. ಹೇಳುವುದರಲ್ಲಿ ಒಂದು ರುಚಿಯಿದೆ ಎಂಬುದು ಬೀಗರಿಗೆ ಆ ವಯಸ್ಸಿನಲ್ಲಿ ಗೊತ್ತಾಯಿತು. ತಾವು ಹೇಳಿದ್ದನ್ನು ಇನ್ನೊಬ್ಬರು ಕೈಯಿಂದ ಮಾಡಿ ತೋರಿಸಿದಾಗ ಹೊಟ್ಟೆ ತಣ್ಣಗಾಗುತ್ತಿತ್ತು. ಮನೆಯಲ್ಲೂ ಊಟಕ್ಕೆ ಕೂತರೆ ಈ ದಿನ ಏನು ಹೇಳಿದೆ, ಏನು ಕೇಳಿದೆ ಎಂದು ಶುರು ಮಾಡುವರು. ಹೆಂಡತಿ ಅರ್ಧ ಕೇಳಿ ಅರ್ಧ ಕೇಳದೆ, ಬಡಿಸುವುದನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ.

ಮಳೆಗಾಲ ಮುಗಿಯಿತು. ಅಧಿಕಾರಿ ಒಬ್ಬೊಬ್ಬರನ್ನೇ ಒಳಗೆ ಕರೆದರು. ಬೀಗರ ಸರದಿ ಬಂದಾಗ ಮೇಜಿನ ಮೇಲಿನ ಪೆನ್ನನ್ನು ಇತ್ತಿಂದತ್ತ ಸರಿಸುತ್ತ, “ನೀವಿಬ್ಬರೂ ಒಬ್ಬರಿಗೊಬ್ಬರು ಬಹಳ ಚೆನ್ನಾಗಿ ಹೇಳಿಕೊಟ್ಟಿದ್ದೀರಿ. ಅದಕ್ಕೇ ಇನ್ನು ಆ ಎರಡು ಬಡಾವಣೆಗೆ ಒಬ್ಬರು ಸಾಕು ಅಂತ ಮೇಲಿನವರು ಹೇಳಿದ್ರು” ಎಂದರು. ಆಕೆಗೆ ನಿವೃತ್ತಿಗೆ ಇನ್ನೂ ಹೆಚ್ಚು ವರ್ಷ ಉಳಿದಿದೆ, ಹಾಗಾಗಿ ಆಕೆ ಉಳಿಯುತ್ತಾಳೆ. ಬೀಗರು ಎದ್ದು ಬಾಗಿಲ ಹತ್ತಿರ ಹೋದಾಗ ಅಧಿಕಾರಿ ಹಿಂದಿನಿಂದ, “ನನ್ನದೂ ಮುಂದಿನ ತಿಂಗಳು” ಎಂದರು. ಬೀಗರು ತಿರುಗಿ ಬಂದು ಅವರ ಕೈ ಕುಲುಕಿ ಹೋದರು.

ಆ ದಿನ ಬಸ್ಸು ಹತ್ತದೆ ನಡೆದೇ ಮನೆಗೆ ಬಂದರು. ದಾರಿಯುದ್ದಕ್ಕೂ ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡೆನಲ್ಲ ಎಂಬ ಒಂದೇ ಮಾತು ತಲೆಯಲ್ಲಿ ಕುಟ್ಟುತ್ತಿತ್ತು. ಹೆಂಡತಿ ಕಾರಣ ಕೇಳಿದಳು, ಹೇಳಿದರು. ಅಷ್ಟೇ, ಆಮೇಲೆ ಮಾತು ನಿಂತಿತು. ಇಡೀ ದಿನ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುವರು. ಮುಗುಮ್ಮಕ್ಕನ ಫೋನು ಬಂದರೆ, ಅದು ಸುಸ್ತಾಗಿ ತಾನೇ ನಿಲ್ಲುವವರೆಗೆ ನೋಡುತ್ತ ಕೂರುವರು. ಹೆಂಡತಿ ಕೆಲವು ದಿನ ಸುಮ್ಮನಿದ್ದಳು. ಈ ಮನುಷ್ಯನಿಗೆ ಕೋಪ ಯಾರ ಮೇಲೆಂದು ಇವರಿಗೇ ತಿಳಿದಿಲ್ಲ, ತಿಳಿಯಲಿ ಎಂದು ಕಾದಳು.

ಒಂದು ಭಾನುವಾರ ಮುಗುಮ್ಮಕ್ಕ ಮನೆಗೇ ಬಂದಳು. ಬಾಗಿಲಲ್ಲಿ ಆಕೆಯ ದನಿ ಕೇಳಿದ್ದೇ ಬೀಗರು ಬಚ್ಚಲಿಗೆ ನುಗ್ಗಿ ಅಗುಳಿ ಹಾಕಿಕೊಂಡರು. ಹೆಂಗಸರಿಬ್ಬರೂ ಇದನ್ನು ಕಂಡೂ ಕಾಣದಂತೆ ಕೂತು ಮಾತಿಗಿಳಿದರು. ಕೆಲಸಕ್ಕೆ ಹಾಕಿಕೊಳ್ಳಲು ತುಂಬ ಜೇಬಿರುವ ಒಂದು ಪ್ಯಾಂಟು ಬೇಕೆಂದಳು ಮುಗುಮ್ಮಕ್ಕ. ಹೆಂಡತಿ ಟೇಪು ಹಿಡಿದು ಅಳತೆ ತೆಗೆದುಕೊಂಡಳು. ಅಳತೆ ಕೊಡುತ್ತ ನಿಂತ ಮುಗುಮ್ಮಕ್ಕ, ನ್ಯಾಯಾಲಯದ ಲಿಫ್ಟಿನ ಬ್ರೇಕು ಯಾಕೋ ಹಿಡಿಯುತ್ತಿಲ್ಲ, ನಾಳೆ ಹೋಗಿ ತಿರುಪನ್ನು ಬಲಕ್ಕೆ ಚೆನ್ನಾಗಿ ಬಿಗಿಯಬೇಕು ಎಂದು, ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು.

ಬಚ್ಚಲಿನಲ್ಲಿ ಬಕೆಟ್ಟು ಉರುಳಿತು. “ಬಲಕ್ಕಲ್ಲ, ಎಡಕ್ಕೆ! ಅಷ್ಟು ಸಲ ಹೇಳಿದ್ದೀನಿ!” ಎಂದು ಕೂಗುತ್ತ ಬೀಗರು ಬಾಗಿಲು ತೆರೆದು ಹೊರಗೇ ಬಂದುಬಿಟ್ಟರು.

ಹೆಂಡತಿ ಟೇಪಿನಿಂದ ಬಾಯಿ ಮುಚ್ಚಿಕೊಂಡಳು. ಬೀಗರಿಗೆ ಮೋಸ ಹೋದದ್ದು ಗೊತ್ತಾಗಿ ಸಿಟ್ಟು ಬಂತು. ನಗುವೂ ಬರುವುದರಲ್ಲಿತ್ತು, ಅದನ್ನು ತಡೆಯಲು ಇನ್ನಷ್ಟು ಸಿಟ್ಟು ಮಾಡಿಕೊಂಡು, “ನಿಮಗೆ ಹೇಳಿಕೊಟ್ಟೇ ನನ್ನ ಕೆಲಸ ಹೋಯ್ತು” ಎಂದರು.

ಮುಗುಮ್ಮಕ್ಕನ ಮುಖದ ನಗು ಆರಿತು. “ಹೌದು. ನಾನು ಹೇಳಿಕೊಟ್ಟದ್ದಕ್ಕೆ ನನ್ನದೂ ಹೋಗಬಹುದಿತ್ತು. ಗೊತ್ತಿದ್ದೇ ಇಬ್ಬರೂ ಹೇಳಿದ್ವಿ, ಅಲ್ವಾ? ನಾನು ಉಳಿದುಕೊಂಡೆ. ಅದು ಸರಿ ಅಂತ ಹೇಳೋಕೆ ಬಂದಿಲ್ಲ ನಾನು.”

ಆಮೇಲೆ ಆಕೆ ಬಂದ ಕೆಲಸ ಹೇಳಿದಳು. ಬೇರೆ ಬೇರೆ ಕಡೆ ಕೆಲಸ ಕಳೆದುಕೊಂಡವರಿಗೆ ಹೊಸ ಕಸುಬು ಕಲಿಸುವ ಶಾಲೆಯೊಂದರಲ್ಲಿ ಲಿಫ್ಟಿನ ಪಾಠಕ್ಕೆ ಜನ ಬೇಕಾಗಿದ್ದಾರೆ. ಕಂಪನಿಗೆ ಕೇಳಿ ಕಳಿಸಿದ್ದರು. ಆಕೆ ಇವರ ವಿಷಯ ಹೇಳಿದ್ದಳು. ಸಂಬಳ ಮೊದಲಿನಷ್ಟಿಲ್ಲ. ವರ್ಷಕ್ಕೆ ಮಾತ್ರ ಗೊತ್ತುಮಾಡಿಕೊಳ್ಳುತ್ತಾರೆ. ನಾನು ಪಾಠ ಮಾಡುವುದೇ ಎಂದು ಬೀಗರು ಹಾರಾಡಿದರು. ಹೆಂಡತಿ, ಈಗ ಬಚ್ಚಲಿನಿಂದ ಮಾಡಿದ್ದು ಮತ್ತೇನು ಎಂದಳು.

ಮೊದಲ ತರಗತಿಯಲ್ಲಿ ಅವರು ಒರೆಸಿದ ಹಲಗೆಯನ್ನೇ ಮತ್ತೆ ಮತ್ತೆ ಒರೆಸಿದರು. ಎದುರಿಗೆ ಕೂತಿದ್ದವರು ಮಕ್ಕಳಲ್ಲ. ಮುಚ್ಚಿಹೋದ ಛಾಪಖಾನೆಯ ಹೆಂಗಸು, ಗಾಜಿನ ಕಾರ್ಖಾನೆಯಿಂದ ಹೊರಬಿದ್ದ ಅಣ್ಣತಮ್ಮಂದಿರು, ಬ್ಯಾಂಕಿನ ಕಿಟಕಿಯ ಹಿಂದೆ ಕೂತು ಬೆನ್ನು ಬಾಗಿಸಿಕೊಂಡಿದ್ದ ಒಬ್ಬರು. ಎಲ್ಲರ ಮುಖದಲ್ಲೂ ಇವರದೇ ಗಾಯ. ಹೇಗೋ ಒಂದು ಮಾತು ಹೊರಬಿತ್ತು. ಅದಕ್ಕೆ ಯಾರೋ ಪ್ರಶ್ನೆ ಕೇಳಿದರು. ಆಮೇಲೆ ಕಟ್ಟೆಯೊಡೆದ ನೀರು. ಕಾವಲುಗಾರ ಬಂದು ದೀಪ ಆರಿಸುತ್ತೇನೆಂದು ಹೆದರಿಸುವವರೆಗೆ ಬಿಡಲಿಲ್ಲ. ಮನೆಯ ಬಸ್ಸು ತಪ್ಪಿಸಿಕೊಂಡವರು ಮಾರನೆಯ ದಿನದಿಂದ ಬಾಗಿಲ ಹತ್ತಿರದ ಜಾಗಕ್ಕೆ ಜಗಳ ಆಡತೊಡಗಿದರು.

ಕೆಲವು ವಾರಗಳ ಮೇಲೆ ಛಾಪಖಾನೆಯ ಹೆಂಗಸು, ಹೊಸ ಆಸ್ಪತ್ರೆಯಲ್ಲಿ ಮೇಲೆ ಮಿಷನ್ ಕೋಣೆಯೇ ಇಲ್ಲದ ಲಿಫ್ಟ್ ಇದೆಯಂತೆ, ಅದು ಹೇಗೆ ಓಡುತ್ತದೆ ಎಂದು ಕೇಳಿದಳು. ಬೀಗರು, “ನಂಗೊತ್ತಿಲ್ಲ” ಎಂದರು. ಅಂಥ ಮಾತು ತಮ್ಮ ಬಾಯಿಂದ ಬಂದದ್ದಕ್ಕೆ ತಾವೇ ಬೆರಗಾಗಿ, ಛಾವಣಿ ಬೀಳುವುದೇನೋ ಎಂದು ಒಮ್ಮೆ ಮೇಲೆ ನೋಡಿದರು. ಬೀಳಲಿಲ್ಲ. ಮುಗುಮ್ಮಕ್ಕನಿಗೆ ಫೋನು ಮಾಡಿದರೆ, ತನಗೂ ಅರ್ಧಂಬರ್ಧ ಗೊತ್ತು, ಬಂದರೆ ಒಟ್ಟಿಗೆ ನೋಡೋಣ ಎಂದಳು.

ಮರುದಿನ ಇಡೀ ತರಗತಿ ಆಸ್ಪತ್ರೆಯ ಲಿಫ್ಟಿನ ಮುಂದೆ ಜಮಾಯಿಸಿತು. ಯಾರಿಗೆ ಕಾಯಿಲೆ ಎಂದು ಗಾಬರಿಯಿಂದ ಕೇಳಿದ ಕಾವಲುಗಾರನಿಗೆ ಮುಗುಮ್ಮಕ್ಕ ಕಂಪನಿಯ ಚೀಟಿ ತೋರಿಸಿ ಸಮಾಧಾನ ಮಾಡಿದಳು. ಮೊದಲು ಹತ್ತಿದವರಿಗೇ ಲಿಫ್ಟ್ ತುಂಬಿ, ಭಾರ ಹೆಚ್ಚಾಯಿತೆಂದು ಗಂಟೆ ಬಾರಿಸತೊಡಗಿತು. ಬೀಗರು ತಾವೇ ಇಳಿದು, ಉಳಿದವರನ್ನು ಕರೆದುಕೊಂಡು ಮೆಟ್ಟಿಲು ಹತ್ತತೊಡಗಿದರು. ಎರಡನೇ ಮಹಡಿಗೇ ಉಸಿರು ಕಟ್ಟಿತು. ಆದರೂ ಮೆಟ್ಟಿಲ ಪಕ್ಕದ ಕಂಬಿ ಹಿಡಿದುಕೊಂಡು, ಆ ಗಂಟೆ ಯಾಕೆ ಬಾರಿಸಿತು ಎನ್ನುವುದನ್ನು ಹಿಂದಿನವರಿಗೆ ವಿವರಿಸುತ್ತಲೇ ಇದ್ದರು. ಗಾಜಿನ ಕಾರ್ಖಾನೆಯ ಅಣ್ಣ ಅವರ ಚೀಲ ಇಸಿದುಕೊಳ್ಳುತ್ತ, ಸ್ವಲ್ಪ ಕೂತು ಹೇಳಿ ಎಂದ. ಬೀಗರು ಅಲ್ಲೇ ಮೆಟ್ಟಿಲ ಮೇಲೆ ಕೂತು, ಎಲ್ಲರೂ ಹತ್ತಿರ ಬರಲಿ ಎಂದು ಕಾದು, ಮುಂದುವರಿಸಿದರು.